ನಮ್ಮ ಅರಬ್ಬಿ ಸಮುದ್ರದ ಲಾಟೀನು ಮೀನು: ದಿನಾ ಅಪ್-ಡೌನ್ ಮಾಡುವ ಬೆರಳುದ್ದದ ಜೀವ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಿನಲ್ಲೋ ಮೆಟ್ರೋದಲ್ಲೋ ಓದಿಕೊಂಡು ಹೋಗುವವರಿಗೆ, ಎಂದಿನಂತೆ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಆದ ತೊದಲು, ಹೇಳಿದ್ದನ್ನೇ ಹೇಳಿದ್ದು, ಇಷ್ಟನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.

ಆಳ ಸಮುದ್ರದ ಮೀನು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ದೊಡ್ಡ ಬಾಯಿ, ಸೂಜಿಯಂಥ ಹಲ್ಲು, ಹಣೆಯ ಮೇಲೆ ಕೋಲಿಗೆ ಕಟ್ಟಿದ ಹಾಗೆ ಒಂದು ದೀಪ. ಕಾರ್ಟೂನ್ ಸಿನಿಮಾಗಳಲ್ಲಿ ಬರೋದು ಅದೇ ಮೀನು. ಅಂಥ ಮೀನು ಇದೆ, ಸುಳ್ಳಲ್ಲ. ಆದರೆ ಅದು ಅಪರೂಪ. ಆಳದ ಜನಸಾಮಾನ್ಯ ಬೇರೆ. ಅದು ನಿಮ್ಮ ಕಿರುಬೆರಳಿನಷ್ಟು ಉದ್ದ, ಬೆಳ್ಳಿ ಬಣ್ಣ, ಹೊಟ್ಟೆಯ ಕೆಳಗೆ ಸಾಲುದೀಪ. ಇಂಗ್ಲಿಷಿನಲ್ಲಿ ಲ್ಯಾಂಟರ್ನ್ ಫಿಶ್ ಅಂತಾರೆ. ನಾವು ಲಾಟೀನು ಮೀನು ಅಂತ ಕರೆಯೋಣ. ಊರಲ್ಲಿ ಕರೆಂಟ್ ಹೋದಾಗ ಅಜ್ಜಿ ಹಚ್ಚುತ್ತಿದ್ದ ಲಾಟೀನು ನೆನಪಿದೆಯಲ್ವಾ, ಅದೇ.

ಇದರಲ್ಲಿ ಸುಮಾರು 250 ಜಾತಿಗಳಿವೆ, ಪ್ರಪಂಚದ ಎಲ್ಲ ಸಾಗರಗಳಲ್ಲೂ ಸಿಗುತ್ತವೆ. ಇವತ್ತು ನಾವು ನೋಡೋದು ಅದರಲ್ಲಿ ಒಂದು ಜಾತಿಯನ್ನು. ಯಾಕಂದ್ರೆ ಅದು ನಮ್ಮ ಪಕ್ಕದ ಮನೆಯದು. ವೈಜ್ಞಾನಿಕ ಹೆಸರು ಬೆಂಥೊಸೀಮಾ ಟೆರೋಟಮ್. ಅರಬ್ಬಿ ಸಮುದ್ರದಲ್ಲಿ, ಅದರಲ್ಲೂ ಒಮಾನ್ ಕೊಲ್ಲಿಯ ಕಡೆ, ಇದು ಎಷ್ಟು ದಟ್ಟವಾಗಿದೆ ಅಂದ್ರೆ, ಅದನ್ನು ಹಿಡಿಯಬೇಕೋ ಬಿಡಬೇಕೋ ಅನ್ನೋದೇ ಒಂದು ದೊಡ್ಡ ಪ್ರಶ್ನೆಯಾಗಿದೆ. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮೀನನ್ನು ಸರಿಯಾಗಿ ನೋಡೋಣ.

ಮುಂಬೈಯಲ್ಲಿ ಕಟ್ಟಿದ ಹಡಗು, ಬಂಗಾಳ ಕೊಲ್ಲಿಯ ಮೀನು

ಈ ಮೀನಿನ ಹೆಸರಿನ ಹಿಂದೆ ಒಂದು ಚಿಕ್ಕ ಕಥೆ ಇದೆ. ಮುಂಬೈಯವರಿಗೆ ಇಷ್ಟವಾಗಬಹುದು. 1881ರಲ್ಲಿ ಬಾಂಬೆ ಡಾಕ್‌ಯಾರ್ಡಿನಲ್ಲಿ ಮರದ ಒಂದು ಸರ್ವೇ ಹಡಗು ತಯಾರಾಯಿತು. ಹೆಸರು ‘ಇನ್ವೆಸ್ಟಿಗೇಟರ್’. ಪಕ್ಕದಲ್ಲಿ ಚಕ್ರ ತಿರುಗಿಸಿಕೊಂಡು ಓಡುವ ಹಬೆ ಹಡಗು ಅದು. ಕೆಲಸ ಏನು? ಭಾರತದ ಸುತ್ತಲಿನ ಸಮುದ್ರದ ಆಳ ಅಳೆದು ನಕ್ಷೆ ಮಾಡೋದು. ಅದರ ಜೊತೆಗೆ ಹಡಗಿನ ಡಾಕ್ಟರೇ ಜೀವಿಗಳನ್ನೂ ಸಂಗ್ರಹಿಸಬೇಕು. ಹಾಗೆ 1888ರಲ್ಲಿ ಡಾಕ್ಟರ್ ಆಗಿ ಹಡಗು ಹತ್ತಿದವರು ಆಲ್‌ಫ್ರೆಡ್ ಆಲ್ಕಾಕ್. ಬಂಗಾಳ ಕೊಲ್ಲಿಯಲ್ಲಿ ಬಲೆಗೆ ಬಂದ ಈ ಪುಟ್ಟ ಮೀನನ್ನು ಅವರು 1890ರಲ್ಲಿ ಹೊಸ ಜಾತಿ ಅಂತ ವರ್ಣಿಸಿದರು. ಮುಂದೆ ಅವರು ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ ನೋಡಿಕೊಂಡರು, 1902ರಲ್ಲಿ ತಮ್ಮ ಸಮುದ್ರದ ದಿನಗಳ ಬಗ್ಗೆ ಪುಸ್ತಕವನ್ನೂ ಬರೆದರು. ಅಂದ್ರೆ ಈ ಮೀನು ನಮಗೆ ಹೊಸದಲ್ಲ. 130 ವರ್ಷ ದಾಟಿದ ಪರಿಚಯ. ನಾವೇ ಮಾತಾಡಿಸಿಲ್ಲ, ಅಷ್ಟೆ.

ನೋಡೋಕೆ ಹೇಗಿದೆ?

ಉದ್ದ ಸಾಮಾನ್ಯವಾಗಿ 4-5 ಸೆಂಟಿಮೀಟರ್. ತುಂಬ ಬೆಳೆದರೆ 7ರ ಹತ್ತಿರ. ಬೂತಾಯಿ ಪಕ್ಕ ಇಟ್ಟರೆ ಅದರ ಮರಿಯ ಹಾಗೆ ಕಾಣುತ್ತೆ. ಮೈ ಎರಡೂ ಪಕ್ಕಗಳಿಂದ ಸ್ವಲ್ಪ ಒತ್ತಿದ ಹಾಗೆ ಚಪ್ಪಟೆ, ತಲೆ ಮೊಂಡು, ಬಾಲ ಕವಲು. ಬಾಯಿ ದೊಡ್ಡದು, ಅದರ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತೆ. ಬೆನ್ನಿನ ಮೇಲೆ ರೆಕ್ಕೆಗೂ ಬಾಲಕ್ಕೂ ನಡುವೆ ಮುಳ್ಳಿಲ್ಲದ ಚಿಕ್ಕದೊಂದು ಮಾಂಸದ ರೆಕ್ಕೆ ಇರತ್ತೆ.

ಮೊದಲು ಗಮನ ಸೆಳೆಯೋದು ಕಣ್ಣು. ಆ ಪುಟ್ಟ ತಲೆಗೆ ಅಳತೆ ಮೀರಿದ ಕಣ್ಣು. ಲಾಟೀನು ಮೀನುಗಳ ಕಣ್ಣಿನ ಪರದೆಯಲ್ಲಿ ಇರೋದೆಲ್ಲ ಮಂದ ಬೆಳಕಿಗೆ ಸ್ಪಂದಿಸುವ ಕೋಶಗಳೇ. ನಮ್ಮ ಹಾಗೆ ಬಣ್ಣ ಗುರುತಿಸುವ ಕೋಶಗಳು ಇಲ್ಲ. ಆಳಕ್ಕೆ ಇಳಿಯೋದು ನೀಲಿ ಬೆಳಕು ಮಾತ್ರ, ಕೆಂಪು ಮೇಲೆಯೇ ಕರಗಿ ಹೋಗಿರತ್ತೆ. ಹಾಗಾಗಿ ಈ ಕಣ್ಣಿಗೆ ನೀಲಿ ಚೆನ್ನಾಗಿ ಕಂಡರೆ ಸಾಕು, ಹಾಗೇ ರೂಪುಗೊಂಡಿದೆ.

ಇನ್ನು ಚಿಪ್ಪು. ಬೆಳ್ಳಿಯ ತಗಡಿನ ಹಾಗೆ ಹೊಳೆಯುವ ಚಿಪ್ಪು, ಆದರೆ ಸ್ವಲ್ಪ ಉಜ್ಜಿದರೂ ಉದುರಿ ಹೋಗುತ್ತೆ. ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಎಷ್ಟೋ ಮೀನುಗಳು ಬೋಳಾಗಿರುತ್ತವೆ. ಚಿತ್ರಗಳಲ್ಲಿ ಇದು ಕಪ್ಪಗೆ, ಸುಲಿದ ಹಾಗೆ ಕಾಣೋದಕ್ಕೆ ಅದೇ ಕಾರಣ. ನೀರಿನಲ್ಲಿದ್ದಾಗ ಅದು ಹಾಗಿರಲ್ಲ.

ಈಗ ದೀಪಕ್ಕೆ ಬರೋಣ. ಹೊಟ್ಟೆಯ ಕೆಳಗೆ, ಮೈಯ ಪಕ್ಕಗಳಲ್ಲಿ, ಮುತ್ತು ಪೋಣಿಸಿದ ಹಾಗೆ ದುಂಡನೆಯ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಯೂ ಒಂದು ಪೂರ್ತಿ ದೀಪ. ಒಳಗೆ ಬೆಳಕು ಹುಟ್ಟಿಸುವ ಕೋಶಗಳು, ಹಿಂದೆ ಕನ್ನಡಿಯಂಥ ಪದರ, ಮುಂದೆ ಮಸೂರದ ಹಾಗೆ ದಪ್ಪಗಾದ ಚಿಪ್ಪು. ನಮ್ಮ ಟಾರ್ಚಿನ ಬಲ್ಬು, ರಿಫ್ಲೆಕ್ಟರು, ಮುಂದಿನ ಗಾಜು ಇವೆಯಲ್ಲ, ಅದೇ ವ್ಯವಸ್ಥೆ. ಆಳದ ಕೆಲವು ಮೀನುಗಳು ಬೆಳಕಿಗಾಗಿ ಮೈಯಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡಿರುತ್ತವೆ. ಲಾಟೀನು ಮೀನು ಹಾಗಲ್ಲ, ಇದರ ಬೆಳಕು ಅದರದೇ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದ ಬರುತ್ತೆ.

ಈ ಚುಕ್ಕಿಗಳು ಎಲ್ಲೆಲ್ಲಿ ಎಷ್ಟೆಷ್ಟು ಇವೆ ಅನ್ನೋದು ಜಾತಿಯಿಂದ ಜಾತಿಗೆ ಬೇರೆ. ಎದೆಯ ಸಾಲಿನಲ್ಲಿ ಎಷ್ಟು, ಹೊಟ್ಟೆಯ ಸಾಲಿನಲ್ಲಿ ಎಷ್ಟು, ಬಾಲದ ಬುಡದಲ್ಲಿ ಎಷ್ಟು, ಇದನ್ನು ಎಣಿಸಿಯೇ ವಿಜ್ಞಾನಿಗಳು ಇದು ಇಂಥ ಜಾತಿ ಅಂತ ಹೇಳೋದು. ನಮ್ಮ ಸಮುದ್ರದಲ್ಲೇ ಇರುವ ಡಯಾಫಸ್ ಎಂಬ ಗುಂಪಿನ ಮೀನುಗಳಿಗೆ ಕಣ್ಣಿನ ಮುಂದೆಯೂ ದೀಪ ಇರುತ್ತೆ, ಗಾಡಿಯ ಹೆಡ್‌ಲೈಟ್ ಹಾಗೆ! ಎಷ್ಟೋ ಜಾತಿಗಳಲ್ಲಿ ಬಾಲದ ಬುಡದ ದೀಪ ಗಂಡಿಗೆ ಮೇಲ್ಭಾಗದಲ್ಲಿ, ಹೆಣ್ಣಿಗೆ ಕೆಳಭಾಗದಲ್ಲಿ ಇರತ್ತೆ. ಕತ್ತಲೆಯಲ್ಲಿ ಯಾರು ಯಾರು ಅಂತ ಗೊತ್ತಾಗಬೇಕಲ್ಲ.

ದೀಪ ಹಚ್ಚಿಕೊಂಡು ಅಡಗೋದು!

ಇಲ್ಲಿ ನಿಮಗೊಂದು ಸಂಶಯ ಬರಬೇಕು. ಕತ್ತಲೆಯಲ್ಲಿ ದೀಪ ಹಚ್ಚಿಕೊಂಡರೆ ಶತ್ರುವಿಗೆ ‘ಇಲ್ಲಿದ್ದೇನೆ ಬಾ’ ಅಂತ ಹೇಳಿದ ಹಾಗಲ್ವಾ?

ಹೀಗೆ ಯೋಚನೆ ಮಾಡಿ. ಸಂಜೆ ಹೊತ್ತು, ಇನ್ನೂ ಪೂರ್ತಿ ಕತ್ತಲಾಗಿಲ್ಲ. ನೀವು ತಲೆ ಎತ್ತಿ ನೋಡ್ತೀರಿ. ಒಂದು ಕಾಗೆ ಹಾರಿ ಹೋಗುತ್ತೆ. ಕಾಗೆಯ ಕಣ್ಣು, ರೆಕ್ಕೆಯ ಗೆರೆ ಯಾವುದೂ ಕಾಣಲ್ಲ. ಆದರೆ ಆಕಾರ ಮಾತ್ರ ಖಚಿತವಾಗಿ ಕಾಣುತ್ತೆ, ಯಾಕಂದ್ರೆ ಹಿಂದಿನ ಆಕಾಶದಲ್ಲಿ ಇನ್ನೂ ಮಂದ ಬೆಳಕಿದೆ, ಕಾಗೆ ಅದನ್ನು ತಡೆಯುತ್ತೆ. ಸಮುದ್ರದೊಳಗೆ 200-300 ಮೀಟರ್ ಆಳದಲ್ಲೂ ಇದೇ ಪರಿಸ್ಥಿತಿ. ಮೇಲಿನಿಂದ ಚೂರು ನೀಲಿ ಬೆಳಕು ಇಳಿಯುತ್ತಿರತ್ತೆ. ಬೇಟೆ ಹುಡುಕುವ ದೊಡ್ಡ ಮೀನು ಕೆಳಗಿನಿಂದ ಮೇಲಕ್ಕೆ ನೋಡುತ್ತೆ. ನೆರಳು ಕಂಡರೆ ಮುಗಿಯಿತು.

ಆಗ ಲಾಟೀನು ಮೀನು ಮಾಡುವ ಉಪಾಯ ಇದು: ಮೇಲಿನಿಂದ ಎಷ್ಟು ಬೆಳಕು ಬರುತ್ತಿದೆಯೋ ಸುಮಾರಾಗಿ ಅಷ್ಟೇ ಬೆಳಕನ್ನು, ಅದೇ ನೀಲಿ ಬಣ್ಣದಲ್ಲಿ, ತನ್ನ ಹೊಟ್ಟೆಯಿಂದ ಕೆಳಕ್ಕೆ ಬಿಡುತ್ತೆ. ತಾನು ತಡೆದ ಬೆಳಕನ್ನು ತಾನೇ ಭರ್ತಿ ಮಾಡಿಕೊಡುತ್ತೆ. ನೆರಳು ಅಳಿಸಿ ಹೋಗುತ್ತೆ. ದೀಪ ಇರೋದು ಹೊಟ್ಟೆಯ ಕೆಳಗೆ, ಬೆನ್ನ ಮೇಲೆ ಅಲ್ಲ, ಯಾಕೆ ಅಂತ ಈಗ ಗೊತ್ತಾಯ್ತಲ್ಲ. ನಾವು ಕಾಣಿಸೋಕೆ ದೀಪ ಹಚ್ಚಿದರೆ, ಇದು ಕಾಣಿಸದೆ ಇರೋಕೆ ಹಚ್ಚುತ್ತೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಜುಹೂ ಬೀಚಿನಲ್ಲಿ, 2019ರಲ್ಲಿ ಚೆನ್ನೈ ಬೀಚುಗಳಲ್ಲಿ, ನಮ್ಮ ಕರಾವಳಿಯಲ್ಲೂ ಆಗಾಗ ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವ ವಿಡಿಯೋ ನೋಡಿದ್ದೀರಿ. ಅದು ಈ ಮೀನಲ್ಲ. ಅದು ನಾಕ್ಟಿಲ್ಯೂಕಾ ಎಂಬ ಒಂದೇ ಕೋಶದ ಸೂಕ್ಷ್ಮಜೀವಿ. ಅಲುಗಾಡಿಸಿದರೆ ಹೊಳೆಯುತ್ತೆ. ಲಾಟೀನು ಮೀನನ್ನು ದಡದಲ್ಲಿ ನಿಂತು ನೋಡೋಕೆ ಆಗಲ್ಲ.

ಅದರ ಮನೆ ಎಲ್ಲಿ?

ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ನೋಡಿದರೆ ಎದುರಿಗೆ ಆಳವಾದ ಸಮುದ್ರ ಅನ್ನಿಸುತ್ತೆ. ನಿಜ ಹೇಳಬೇಕಂದ್ರೆ ಅದು ಆಳವೇ ಅಲ್ಲ. ಬಾಂಬೆ ಹೈ ತೈಲ ಬಾವಿಗಳಿವೆಯಲ್ಲ, ದಡದಿಂದ 150 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲೂ ನೀರಿನ ಆಳ ಸುಮಾರು 75 ಮೀಟರ್ ಮಾತ್ರ. ನೆಲ ನಿಧಾನವಾಗಿ ಇಳಿಜಾರಾಗುತ್ತಾ ಹೋಗಿ, ಮುಂಬೈ ಎದುರಿಗೆ 300 ಕಿಲೋಮೀಟರಿನಷ್ಟು ದೂರದಲ್ಲಿ ಒಮ್ಮೆಲೇ ಆಳಕ್ಕೆ ಬೀಳುತ್ತೆ. ದಕ್ಷಿಣಕ್ಕೆ, ಮಂಗಳೂರು, ಕೊಚ್ಚಿ ಕಡೆ ಹೋದ ಹಾಗೆ ಈ ಅಂಚು ದಡಕ್ಕೆ ಹತ್ತಿರ ಬರುತ್ತೆ. ಆ ಅಂಚಿನ ಆಚೆಯ ಇಳಿಜಾರಿನ ಮೇಲಿನ ನೀರೇ ನಮ್ಮ ಮೀನಿನ ಊರು.

200 ಮೀಟರಿನಿಂದ 1000 ಮೀಟರ್ ವರೆಗಿನ ನೀರನ್ನು ಮುಸ್ಸಂಜೆ ವಲಯ ಅಂತ ಕರೆಯಬಹುದು. ನಡು ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆಯೇ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತೆ. 300 ಮೀಟರಿನಲ್ಲಿ ನಾವಿಲ್ಲಿ ಅನುಭವಿಸೋದರ 31 ಪಟ್ಟು. ಮೇಲೆ 27-28 ಡಿಗ್ರಿ ಬೆಚ್ಚಗಿನ ನೀರು, ಅಲ್ಲಿ ಅದರ ಅರ್ಧದಷ್ಟು.

ಇಷ್ಟು ಎಲ್ಲ ಸಾಗರಗಳಲ್ಲೂ ಇದೆ. ಅರಬ್ಬಿ ಸಮುದ್ರದಲ್ಲಿ ಇನ್ನೊಂದು ವಿಶೇಷ ಇದೆ: ಉಸಿರಾಟಕ್ಕೆ ಬೇಕಾದ ಆಮ್ಲಜನಕ. ಸುಮಾರು 150-200 ಮೀಟರಿನಿಂದ ಶುರುವಾಗಿ 1000 ಮೀಟರ್ ವರೆಗೆ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ. ಕೆಲವು ಕಡೆ ಇಲ್ಲವೇ ಇಲ್ಲ ಅನ್ನುವಷ್ಟು. ಪ್ರಪಂಚದಲ್ಲೇ ಇಷ್ಟು ದಪ್ಪದ, ಇಷ್ಟು ತೀವ್ರವಾದ ಪದರ ಕೆಲವೇ ಕಡೆ ಇದೆ.

ಯಾಕೆ ಹೀಗೆ? ಕಾರಣ ನಮ್ಮ ಮುಂಗಾರೇ. ಜೂನಿನಿಂದ ಸೆಪ್ಟೆಂಬರ್ ವರೆಗೆ ಬೀಸುವ ನೈಋತ್ಯ ಗಾಳಿ ಮೇಲಿನ ನೀರನ್ನು ತಳ್ಳುತ್ತೆ, ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತೆ. ಬಿಸಿಲು ಮತ್ತು ಗೊಬ್ಬರ ಎರಡೂ ಸಿಕ್ಕ ಹಾಗೆ. ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಸಾಯುತ್ತವೆ, ಕೆಳಗೆ ಬೀಳುತ್ತವೆ. ಬಿದ್ದದ್ದನ್ನು ಬ್ಯಾಕ್ಟೀರಿಯಾಗಳು ಕೊಳೆಸುವಾಗ ಆಮ್ಲಜನಕ ಖರ್ಚಾಗುತ್ತೆ. ಉತ್ತರದಲ್ಲಿ ಭೂಮಿ ಅಡ್ಡ ಇರೋದರಿಂದ ಹೊಸ ನೀರು ಹರಿದು ಬಂದು ಆ ನಷ್ಟ ತುಂಬೋದು ನಿಧಾನ. ಒಂದೇ ಕಿಟಕಿಯ ಅಡುಗೆಮನೆಯಲ್ಲಿ ದಿನವಿಡೀ ಒಲೆ ಉರಿದ ಹಾಗೆ.

ಅಂಥ ಉಸಿರುಗಟ್ಟುವ ಜಾಗದಲ್ಲಿ ನಮ್ಮ ಮೀನು ಹಗಲಿಡೀ ಕೂತಿರತ್ತೆ. ಬೇಕಂತಲೇ! ಯಾಕಂದ್ರೆ ಟ್ಯೂನಾದಂಥ ವೇಗದ ಬೇಟೆಗಾರ ಮೀನಿಗೆ ತುಂಬ ಆಮ್ಲಜನಕ ಬೇಕು, ಅದು ಇಲ್ಲಿ ಹೆಚ್ಚು ಹೊತ್ತು ಇರಲಾರದು. ಲಾಟೀನು ಮೀನು ಮಾತ್ರ ಹಗಲು ಓಡಾಟ ಕಡಿಮೆ ಮಾಡಿ, ಖರ್ಚು ಕಡಿಮೆ ಮಾಡಿ ದಿನ ಕಳೆಯುತ್ತೆ. ಬೇರೆ ಸಾಗರಗಳಲ್ಲಿ ಮುಳುಗು ವಾಹನದಿಂದ ಲಾಟೀನು ಮೀನುಗಳನ್ನು ಕಂಡವರು, ಅವು ಹಗಲಿನಲ್ಲಿ ತಲೆ ಮೇಲೋ ಕೆಳಗೋ ಮಾಡಿ ಅಲ್ಲಾಡದೆ ನೀರಿನಲ್ಲಿ ತೂಗಿ ನಿಂತಿದ್ದನ್ನು ವರ್ಣಿಸಿದ್ದಾರೆ.

ದಿನಾ ಅಪ್, ದಿನಾ ಡೌನ್

ಆದರೆ ಹಸಿವು? ಊಟ ಇರೋದು ಮೇಲೆ. ಕೋಪೆಪಾಡ್ ಎಂಬ ಅಕ್ಕಿಕಾಳಿಗಿಂತ ಚಿಕ್ಕ ಸಿಗಡಿ ಬಳಗದ ಜೀವಿಗಳೇ ಇದರ ಮುಖ್ಯ ಆಹಾರ. ಹಾಗಾಗಿ ಸೂರ್ಯ ಮುಳುಗುತ್ತಿದ್ದ ಹಾಗೆ ಗುಂಪಿಗೆ ಗುಂಪೇ ಮೇಲಕ್ಕೆ ಹೊರಡುತ್ತೆ. ರಾತ್ರಿಯೆಲ್ಲ ಮೇಲಿನ ನೀರಿನಲ್ಲಿ ಊಟ, ಉಸಿರಾಟ. ಬೆಳಗಾಗುವ ಮುಂಚೆ ಮತ್ತೆ ಕೆಳಗೆ. ಡೊಂಬಿವ್ಲಿಯಿಂದ ದಿನಾ ಅಪ್-ಡೌನ್ ಮಾಡುವ ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ವ್ಯತ್ಯಾಸ ಒಂದೇ, ಇದು ನೈಟ್ ಶಿಫ್ಟ್.

ಲೆಕ್ಕ ಹಾಕಿ. 4 ಸೆಂಟಿಮೀಟರ್ ಮೀನು 250 ಮೀಟರ್ ಏರಿದರೆ ತನ್ನ ಉದ್ದದ 6,000 ಪಟ್ಟಿಗೂ ಹೆಚ್ಚು. ಐದೂವರೆ ಅಡಿ ಮನುಷ್ಯನಿಗೆ ಅದೇ ಪ್ರಮಾಣದಲ್ಲಿ ಹೇಳಿದರೆ ಹತ್ತಿರ ಹತ್ತಿರ 10 ಕಿಲೋಮೀಟರ್ ನೇರ ಮೇಲಕ್ಕೆ, ಎವರೆಸ್ಟಿಗಿಂತ ಹೆಚ್ಚು. ಹೋಗೋದು ರಾತ್ರಿ, ವಾಪಸ್ ಬೆಳಗ್ಗೆ. ಪ್ರತಿ ದಿನ. ಭಾನುವಾರದ ರಜೆಯೂ ಇಲ್ಲ. ಪ್ರಪಂಚದ ಎಲ್ಲ ಸಾಗರಗಳಲ್ಲಿ ನಡೆಯುವ ಈ ಏರಿಳಿತವೇ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿವಲಸೆ.

ಇದು ಮನುಷ್ಯರಿಗೆ ಗೊತ್ತಾದದ್ದು ಯುದ್ಧದ ಕಾಲದಲ್ಲಿ. 1942ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಎದುರು ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್ ಪರೀಕ್ಷೆ ನಡೀತಿತ್ತು. ಶಬ್ದ ಕೆಳಗೆ ಕಳಿಸಿದರೆ 300 ಮೀಟರ್ ಸುಮಾರಿಗೆ ಏನೋ ತಡೆದು ಪ್ರತಿಧ್ವನಿ ಬರುತ್ತಿತ್ತು. ಸಮುದ್ರದ ತಳ ಅಲ್ಲ, ಅದು ಇನ್ನೂ ಎಷ್ಟೋ ಕೆಳಗೆ. 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಗಮನಿಸಿದಾಗ ಆ ‘ಸುಳ್ಳು ತಳ’ ಸಂಜೆ ಮೇಲೆ ಬಂದು ಬೆಳಗ್ಗೆ ಕೆಳಗೆ ಹೋಗ್ತಿತ್ತು. ನೆಲ ಹಾಗೆ ಓಡಾಡಲ್ಲ. ಅಲ್ಲಿರೋದು ಜೀವಿಗಳು ಅಂತ ಗೊತ್ತಾಯ್ತು. ಎಷ್ಟೋ ಲಾಟೀನು ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲ ಇರತ್ತೆ, ಶಬ್ದ ಅದಕ್ಕೆ ಬಡಿದು ವಾಪಸ್ ಬರುತ್ತೆ.

ಹಾಗಾದ್ರೆ ಎಷ್ಟಿವೆ?

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. 1975ರಿಂದ ಕೆಲವು ವರ್ಷ ನಾರ್ವೆಯ ‘ಡಾ. ಫ್ರಿಡ್ಚೋಫ್ ನಾನ್ಸೆನ್’ ಹಡಗು ಅರಬ್ಬಿ ಸಮುದ್ರವನ್ನು ಸೋನಾರಿನಿಂದ, ಬಲೆಯಿಂದ ಜಾಲಾಡಿತು. ಆ ಮಾಹಿತಿಯಿಂದ ಬಂದ ಅಂದಾಜು: ಅರಬ್ಬಿ ಸಮುದ್ರದಲ್ಲಿ ಈ ಬಗೆಯ ಮಧ್ಯದಾಳದ ಮೀನು 10 ಕೋಟಿ ಟನ್. ಹೋಲಿಕೆಗೆ, ಭಾರತ ವರ್ಷಕ್ಕೆ ಸಮುದ್ರದಿಂದ ಹಿಡಿಯೋದು ಸುಮಾರು 35 ಲಕ್ಷ ಟನ್. ಇಡೀ ಪ್ರಪಂಚ ಸಮುದ್ರದಿಂದ ಹಿಡಿಯೋದು ಸುಮಾರು 8 ಕೋಟಿ ಟನ್.

ಇಡೀ ಪ್ರಪಂಚದ ಮಧ್ಯದಾಳದ ಮೀನು 100 ಕೋಟಿ ಟನ್ ಅಂತ 1980ರ ಹೊತ್ತಿನ ಅಂದಾಜು. 2014ರಲ್ಲಿ ಸ್ಪೇನಿನ ಮಲಾಸ್ಪಿನಾ ಯಾನದ ಸೋನಾರ್ ಮಾಹಿತಿ ಇಟ್ಟುಕೊಂಡು ಮಾಡಿದ ಲೆಕ್ಕ ಅದರ 10 ಪಟ್ಟು, 1000 ಕೋಟಿ ಟನ್! ಇಷ್ಟು ವ್ಯತ್ಯಾಸ ಯಾಕೆ? ಈ ಮೀನುಗಳು ಬಲೆ ಬರೋದನ್ನು ಗ್ರಹಿಸಿ ತಪ್ಪಿಸಿಕೊಳ್ಳುತ್ತವೆ, ಬಲೆಯ ಲೆಕ್ಕ ಕಡಿಮೆ ಬರುತ್ತೆ. ಸೋನಾರಿಗೆ ಗಾಳಿಗುಳ್ಳೆ ಇರುವ ಬೇರೆ ಜೀವಿಗಳೂ ಮೀನಿನ ಹಾಗೇ ಕಾಣುತ್ತವೆ, ಅದರ ಲೆಕ್ಕ ಹೆಚ್ಚು ಬರಬಹುದು. ಅಂಗಡಿಯಲ್ಲಿ ಸರಕು ಎಷ್ಟಿದೆ ಅಂತ ಗೊತ್ತಿಲ್ಲದೆ ವ್ಯಾಪಾರ ಶುರು ಮಾಡುವ ಪರಿಸ್ಥಿತಿ ಇದು.

ಆದರೂ ವ್ಯಾಪಾರದ ಆಸೆ ಇದ್ದೇ ಇದೆ. ಇದನ್ನು ಮನುಷ್ಯರು ತಿನ್ನೋದು ಅಷ್ಟಕ್ಕಷ್ಟೆ. ಚಿಕ್ಕದು, ಎಣ್ಣೆ ಜಾಸ್ತಿ. ಬೇಕಾಗಿರೋದು ಫಿಶ್‌ಮೀಲ್‌ಗೆ, ಅಂದ್ರೆ ಒಣಗಿಸಿ ಪುಡಿ ಮಾಡಿ ಕೋಳಿಗೆ, ಸಾಕಿದ ಮೀನಿಗೆ, ಸಿಗಡಿ ಕೆರೆಗಳಿಗೆ ಹಾಕೋದಕ್ಕೆ. ಮಂಗಳೂರು-ಉಡುಪಿ ಕಡೆಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಬೂತಾಯಿಯಂಥ ಮೀನು ಹೋಗೋದನ್ನು ಊರಿನವರು ನೋಡಿದ್ದೀರಿ. ದಕ್ಷಿಣ ಆಫ್ರಿಕಾ ಒಂದು ಜಾತಿಯ ಲಾಟೀನು ಮೀನನ್ನು 1973ರಲ್ಲಿ 42,000 ಟನ್ನಿನಷ್ಟು ಹಿಡಿಯಿತು. ಅತಿಯಾದ ಎಣ್ಣೆಯಿಂದ ಯಂತ್ರಗಳಲ್ಲಿ ಸಂಸ್ಕರಿಸೋದೇ ಕಷ್ಟವಾಗಿ 1980ರ ದಶಕದಲ್ಲಿ ಅದು ನಿಂತಿತು. ಇರಾನ್ ಒಮಾನ್ ಕೊಲ್ಲಿಯಲ್ಲಿ ನಮ್ಮ ಇದೇ ಮೀನಿಗೆ ಪ್ರಯತ್ನ ಮಾಡಿದೆ. ಕೇರಳದ ಕೊಲ್ಲಂ ಎದುರು ಆಳದ ಸಿಗಡಿ ಹಿಡಿಯುವ ಟ್ರಾಲರುಗಳ ಬಲೆಗೆ ಲಾಟೀನು ಮೀನು ಬರುತ್ತಲೇ ಇರುತ್ತೆ. ಕೊಚ್ಚಿಯ ಸಂಶೋಧನಾ ಸಂಸ್ಥೆಗಳು, ‘ಸಾಗರ ಸಂಪದ’ ಹಡಗು ಇದರ ಅಧ್ಯಯನ ಮಾಡುತ್ತಾ ಬಂದಿವೆ.

ಹಿಡಿದರೆ ಏನು ನಷ್ಟ?

‘ಇಷ್ಟೊಂದಿದೆ, ವರ್ಷದೊಳಗೆ ಬೆಳೆದು ಮರಿ ಮಾಡುತ್ತೆ, ಹಿಡಿದರೆ ಏನಂತೆ?’ ಅನ್ನೋದು ಒಂದು ವಾದ. ತಳ್ಳಿ ಹಾಕೋ ವಾದವಲ್ಲ. ಈ ಮೀನು ಬದುಕೋದೇ ಸುಮಾರು ಒಂದು ವರ್ಷ. ಆದರೆ ಎರಡು ವಿಷಯ ಯೋಚಿಸಬೇಕು.

ಒಂದು, ಇದನ್ನು ನಂಬಿಕೊಂಡವರು ಯಾರು? ಟ್ಯೂನಾ, ಡಾಲ್ಫಿನ್, ಅರಬ್ಬಿ ಸಮುದ್ರದ ದೊಡ್ಡ ಸ್ಕ್ವಿಡ್, ಕಡಲ ಹಕ್ಕಿಗಳು. ಸೂಕ್ಷ್ಮಜೀವಿಗೂ ದೊಡ್ಡ ಮೀನಿಗೂ ನಡುವಿನ ಸೇತುವೆ ಈ ಬೆರಳುದ್ದದ ಮೀನು. ಇಲ್ಲಿ ಪುಡಿ ಮಾಡಿ ಸಿಗಡಿಗೆ ಹಾಕಿದ್ದು, ಅಲ್ಲಿ ಟ್ಯೂನಾ ದೋಣಿಯವನ ಬಲೆಯಲ್ಲಿ ಕಡಿಮೆಯಾಗಬಹುದು.

ಎರಡು, ಇಂಗಾಲ. ಮೇಲಿನ ಸೂಕ್ಷ್ಮ ಸಸ್ಯಗಳು ಗಾಳಿಯಿಂದ ಬಂದ ಇಂಗಾಲವನ್ನು ಹೀರುತ್ತವೆ. ಅದನ್ನು ಕೋಪೆಪಾಡ್ ತಿನ್ನುತ್ತೆ, ಕೋಪೆಪಾಡನ್ನು ರಾತ್ರಿ ನಮ್ಮ ಮೀನು ತಿನ್ನುತ್ತೆ. ಬೆಳಗ್ಗೆ ಆ ಇಂಗಾಲವನ್ನು ಹೊಟ್ಟೆಯಲ್ಲಿಟ್ಟುಕೊಂಡು 250 ಮೀಟರ್ ಕೆಳಗೆ ಇಳಿದು, ಅಲ್ಲಿ ಉಸಿರಿನಲ್ಲಿ, ಮಲದಲ್ಲಿ ಬಿಡುತ್ತೆ. ಅಲ್ಲಿ ಬಿಟ್ಟದ್ದು ಬೇಗ ಗಾಳಿಗೆ ಮರಳಲ್ಲ. ಒಂದೊಂದು ಮೀನು ಸಾಗಿಸೋದು ಚಿಟಿಕೆಯಷ್ಟು. ಕೋಟಿ ಕೋಟಿ ಮೀನು, ಪ್ರತಿ ದಿನ. ಈ ಹಮಾಲಿ ಕೆಲಸಕ್ಕೆ ಯಾರೂ ಕೂಲಿ ಕೊಟ್ಟಿಲ್ಲ, ಬಿಲ್ಲೂ ಬಂದಿಲ್ಲ. ಹಮಾಲರನ್ನೇ ಹಿಡಿದು ಮಾರಿದರೆ ಬಿಲ್ಲು ಬರಬಹುದು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2016ರಲ್ಲಿ ಒಂದು ನಿಯಮ ತಂದರು. ಲಾಟೀನು ಮೀನೂ ಸೇರಿದಂತೆ, ಇನ್ನೂ ಮೀನುಗಾರಿಕೆ ಶುರುವಾಗದ ಚಿಕ್ಕ ಮೀನುಗಳಿಗೆ ಹೊಸದಾಗಿ ಬಲೆ ಬೀಸುವ ಹಾಗಿಲ್ಲ, ಮೊದಲು ಅಧ್ಯಯನ ಮಾಡಿ ಪರಿಣಾಮ ತಿಳಿಯಬೇಕು ಅಂತ. ಸಾಮಾನ್ಯವಾಗಿ ನಾವು ಮಾಡೋದು ಉಲ್ಟಾ: ಮೊದಲು ಹಿಡಿಯೋದು, ಮುಗಿದ ಮೇಲೆ ನಿಷೇಧ. ಮಳೆಗಾಲದ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ಲುತ್ತವಲ್ಲ, ಮೀನು ಮರಿ ಮಾಡೋಕೆ ಬಿಡುವು ಕೊಡಬೇಕು ಅನ್ನೋ ವಿವೇಕ ನಮಗೂ ಗೊತ್ತಿರೋದೇ. ಅದನ್ನೇ ಸ್ವಲ್ಪ ಆಳಕ್ಕೂ, ಸ್ವಲ್ಪ ಮುಂಚೆಯೂ ಅನ್ವಯಿಸಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಬರೆಯಿರಿ, ಮೀನುಗಾರಿಕೆ ಮನೆತನದವರು ಬರೆದರೆ ಇನ್ನೂ ಸಂತೋಷ.

ಇವತ್ತು ಸಂಜೆ ಆಫೀಸು ಮುಗಿಸಿ ಗಾಡಿ ಹತ್ತುವಾಗ ಒಂದು ಕ್ಷಣ ನೆನಪು ಮಾಡಿಕೊಳ್ಳಿ. ನೀವು ಮನೆ ಕಡೆ ಹೊರಟ ಅದೇ ಹೊತ್ತಿಗೆ, ಪಶ್ಚಿಮದ ಕಡಲಿನಲ್ಲಿ ಖಂಡದ ಅಂಚಿನಾಚೆ, ಹೊಟ್ಟೆಯ ಕೆಳಗೆ ಲಾಟೀನು ಹಚ್ಚಿಕೊಂಡ ಕೋಟ್ಯಂತರ ಮೀನುಗಳು ಡ್ಯೂಟಿಗೆ ಮೇಲಕ್ಕೆ ಹೊರಟಿರುತ್ತವೆ.

ಮುಂದಿನ ವಾರ ಮತ್ತೆ ಸಿಗೋಣ.